.22 ಅರೆ-ಸ್ವಯಂಚಾಲಿತ ರೈಫಲ್: ಮಳೆ ಹಿಡಿದ ಮೇಲೆ ಗುಂಡು ಚದುರುತ್ತಿದೆ, ನಳಿಗೆ ಬದಲಿಸಬೇಕೇ?

ಪೆರ್ಲದ ಕೃಷಿಕ:
ಮಾನ್ಯರೇ, ತಂದೆಯವರ ಕಾಲದ .22 ಅರೆ-ಸ್ವಯಂಚಾಲಿತ ರೈಫಲ್ ನನ್ನ ಲೈಸನ್ಸಿಗೆ ಬಂದಂದಿನಿಂದ ಅದನ್ನು ರೈಫಲ್ ಕ್ಲಬ್ಬಿನ 50 ಮೀಟರ್ ರೇಂಜಿನಲ್ಲಿ ಅಭ್ಯಾಸಕ್ಕೆ ಮಾತ್ರ ಬಳಸುತ್ತಿದ್ದೇನೆ. ಚುನಾವಣೆಯ ನಿಮಿತ್ತ ಠಾಣೆಯಲ್ಲಿ ಡೆಪಾಸಿಟ್ ಇಟ್ಟಿದ್ದ ಕೋವಿಯನ್ನು ಮಳೆ ಹಿಡಿದ ಮೇಲೆ ಬಿಡಿಸಿಕೊಂಡು ಬಂದೆ. ಮೊದಲು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಂತೆ ಬೀಳುತ್ತಿದ್ದ ಐದು ಗುಂಡುಗಳು ಈಗ ಅಂಗೈಯಗಲಕ್ಕೆ ಚದುರುತ್ತಿವೆ. ಬಳಸುವುದು ಹೈ ವೆಲಾಸಿಟಿ ತೋಟೆ. ನಳಿಗೆ ಸವೆದಿದೆ, ಬದಲಿಸದೆ ಬೇರೆ ದಾರಿಯಿಲ್ಲ ಎಂದು ಅಂಗಡಿಯವರೊಬ್ಬರು ಹೇಳುತ್ತಿದ್ದಾರೆ. ಬಲ್ಲವರು ತಿಳಿಸಬೇಕು.

ಮುಳ್ಳೇರಿಯ:
ನಳಿಗೆಯ ಮಾತನ್ನು ಸದ್ಯಕ್ಕೆ ಬದಿಗಿಡಿ. .22 ತೋಟೆಯ ಒತ್ತಡ ಕಡಿಮೆ, ಗುಂಡು ಮೆತ್ತನೆಯ ಸೀಸದ್ದು. ಹೀಗಾಗಿ ಹತ್ತಾರು ಸಾವಿರ ಗುಂಡು ಹಾರಿಸಿದ ನಳಿಗೆಗಳೂ ಚೆನ್ನಾಗಿಯೇ ಇರುತ್ತವೆ. ಅವು ಕೆಡುವುದು ಹೆಚ್ಚಾಗಿ ತುಕ್ಕಿನಿಂದ, ಇಲ್ಲವೇ ಬಾಯಿಯ ಕಡೆಯಿಂದ ಸಲಾಕೆ ತೂರಿಸಿ ಉಜ್ಜುವುದರಿಂದ. ನನ್ನ ಅನುಮಾನ ಮರದ ಮೇಲೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಬಾಗಿಲುಗಳೇ ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುವಾಗ, ತಿಂಗಳುಗಟ್ಟಲೆ ಗಾಳಿಯಾಡದ ಕೋಣೆಯಲ್ಲಿದ್ದ ಕೋವಿಯ ಹಿಡಿ ಉಬ್ಬದೆ ಇದ್ದೀತೇ? ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ತೆಗೆದು, ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು) ಎಳೆದು, ಒಳಗೆ ತೋಟೆಯಿಲ್ಲವೆಂದು ಕಣ್ಣಾರೆ ಕಂಡ ಮೇಲೆ, ನಳಿಗೆಗೂ ಮರಕ್ಕೂ ನಡುವೆ ತೆಳುವಾದ ಕಾಗದದ ಪಟ್ಟಿಯೊಂದನ್ನು ಎಳೆದು ನೋಡಿ. ಮೊದಲು ಅಂತರವಿದ್ದ ಕೋವಿಯಲ್ಲಿ ಕಾಗದ ಈಗ ಒಂದೇ ಬದಿಯಲ್ಲಿ ಸಿಕ್ಕಿಕೊಂಡರೆ ಮರ ನಳಿಗೆಯನ್ನು ಒತ್ತುತ್ತಿದೆ ಎಂದರ್ಥ. ಹಿಡಿಯ ತಿರುಪು, ಸ್ಕೋಪಿನ ತಿರುಪುಗಳನ್ನೂ ನೋಡಿಕೊಳ್ಳಿ.

ಹೊಸಂಗಡಿ:
ಮುಳ್ಳೇರಿಯದವರು ಹೇಳಿದ್ದು ಸರಿಯೇ, ಆದರೆ ತೋಟೆಯನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡುವಂತಿಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕಿಂತ ವೇಗವಾಗಿ ಹೊರಡುವ ಹೈ ವೆಲಾಸಿಟಿ ಗುಂಡು 50 ಮೀಟರ್ ಮುಟ್ಟುವಷ್ಟರಲ್ಲಿ ಆ ವೇಗದ ಆಸುಪಾಸಿಗೆ ಇಳಿದು, ಅಲ್ಲಿ ಗಾಳಿಯ ತಡೆಗೆ ಕದಲುತ್ತದೆ. ಅಡ್ಡಗಾಳಿ, ಶಬ್ದದ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ ಹೊರಡುವ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿಗಿಂತ ಇದನ್ನೇ ಹೆಚ್ಚು ಸರಿಸುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಹಾಗೆಂದು ತೀರಾ ಸೌಮ್ಯವಾದ ತೋಟೆಯೂ ನಿಮಗೆ ಹೊಂದದು: ಈ ಬಗೆಯ ಹೆಚ್ಚಿನ ಕೋವಿಗಳಲ್ಲಿ ಬೋಲ್ಟನ್ನು ತಡೆದಿಡುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ, ಅದನ್ನು ಹಿಂದಕ್ಕೆ ತಳ್ಳುವ ಬಲ ಸಾಲದಿದ್ದರೆ ಖಾಲಿ ಕೇಸು ಪೂರ್ತಿ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ. ಸ್ಟ್ಯಾಂಡರ್ಡ್ ವೆಲಾಸಿಟಿಯ ಎರಡು ಮೂರು ಬ್ರ್ಯಾಂಡ್‌ಗಳಲ್ಲಿ ಒಂದೊಂದು ಪೆಟ್ಟಿಗೆ ತಂದು ಪರೀಕ್ಷಿಸಿ. ಬ್ರ್ಯಾಂಡ್ ಬದಲಾದಾಗ ಗುಂಡಿಗೆ ಸವರಿದ್ದು ನಳಿಗೆಯೊಳಗೆ ಅಂಟಿಕೊಂಡ ಹಳೆಯ ಮೇಣ ಹೋಗಿ ಹೊಸದು ಹಿಡಿಯುವವರೆಗಿನ ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚೆನ್ನಾಗಿ ಬಿದ್ದ ಪೆಟ್ಟಿಗೆಯ ಲಾಟ್ ನಂಬರ್ (ಒಟ್ಟಿಗೆ ತಯಾರಾದ ತೋಟೆಗಳ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು, ಲೈಸನ್ಸಿನ ಮಿತಿಯೊಳಗೆ ಅದನ್ನೇ ಕೊಳ್ಳಿ.

ಕುಂಬಳೆ:
ಮ್ಯಾಗಜೀನನ್ನು ಯಾರೂ ಹೇಳಲಿಲ್ಲ. ರೇಂಜಿನಲ್ಲಿಯೇ, ನಳಿಗೆಯನ್ನು ಗುರಿಯತ್ತ ಹಿಡಿದು, ಬೋಲ್ಟ್ ಬಿಟ್ಟು ಒಳಗೆ ಸೇರಿದ ತೋಟೆಯನ್ನು ಹಾರಿಸದೆ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಸೀಸದ ಮೂತಿಯ ಮೇಲೆ ಉಗುರಿನಿಂದ ಕೆತ್ತಿದಂತಹ ಅರ್ಧಚಂದ್ರದ ಗೀರು ಕಂಡರೆ ಮ್ಯಾಗಜೀನಿನ ತುಟಿ ಬಾಗಿದೆ, ಇಲ್ಲವೇ ತೋಟೆ ಏರುವ ಜಾಗದಲ್ಲಿ ಮಸಿ ಕಟ್ಟಿದೆ. ಮೂತಿ ಕೆಟ್ಟ ಗುಂಡು ನೇರವಾಗಿ ಹೋಗದು. ಇನ್ನೊಂದು ಮಾತು: ಆಯುಧ ಕಾಯ್ದೆಯಲ್ಲಿ ಕೋವಿಯ ಬಿಡಿಭಾಗವೂ ಆಯುಧವೇ ಆಗಿರುವುದರಿಂದ, ನಳಿಗೆ, ಬೋಲ್ಟ್‌ಗಳನ್ನು ಅಂತರ್ಜಾಲದಲ್ಲಿ ತರಿಸುವ ಯೋಚನೆ ಬೇಡ, ಲೈಸನ್ಸ್ ಇರುವ ರಿಪೇರಿಯವರಲ್ಲಿಗೇ ಒಯ್ಯಿರಿ.

ಪೆರ್ಲದ ಕೃಷಿಕ:
ಎಲ್ಲರಿಗೂ ವಂದನೆಗಳು. ಕಾಗದದ ಪಟ್ಟಿ ಎಡಬದಿಯಲ್ಲಿ ಸಿಕ್ಕಿಕೊಂಡಿತು. ಮೊದಲು ಅಲ್ಲಿ ಅದು ಸರಾಗವಾಗಿ ಹರಿಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ತೋಟೆಯ ಮೂತಿಯಲ್ಲಿ ಗೀರಿಲ್ಲ. ಮರವನ್ನು ಮರಳುಕಾಗದದಿಂದ ಉಜ್ಜಿಸಲೇ?

ಮುಳ್ಳೇರಿಯ:
ಈಗ ಬೇಡ ಅಣ್ಣಾ. ಉಬ್ಬಿದ ಮರವನ್ನು ಕೆರೆದರೆ ಬೇಸಗೆಯಲ್ಲಿ ಅದು ಕುಗ್ಗಿ ಅಂತರ ಬೇಕಾದುದಕ್ಕಿಂತ ಹೆಚ್ಚಾದೀತು. ತೇವವಿಲ್ಲದ ಕೋಣೆಯಲ್ಲಿ ಬೀಗ ಹಾಕಿದ ಕಪಾಟಿನೊಳಗಿಡಿ, ಬಿಸಿಲಿಗೆ ಮಾತ್ರ ಇಡಬೇಡಿ. ತುಲಾ ಮಾಸ ಕಳೆದು ಒಣಹವೆ ಬಂದ ಮೇಲೆ ಮತ್ತೆ ಕಾಗದ ಎಳೆದು ನೋಡಿ. ಆಗಲೂ ಸಿಕ್ಕಿಕೊಂಡರೆ ಆ ಬದಿಯನ್ನಷ್ಟೇ ತುಸು ಕೆರೆಸಿ, ತೆರೆದ ಮರಕ್ಕೆ ಎಣ್ಣೆ ಹಿಡಿಸಿರಿ.