ಪದ ಬೇಕು (ತುರ್ತು): ಫಲಕದ ಮೇಲೆ ‘ಬೇಡಿಕೆ’ಯೋ ‘ಹಕ್ಕೊತ್ತಾಯ’ವೋ?

ಲಿಂಗಸುಗೂರಿನಿಂದ:
ಎಲ್ಲರಿಗೂ ನಮಸ್ಕಾರ. ಹಳ್ಳಿಗರಿಗೆ ಊರಲ್ಲೇ ಕೆಲಸ ಸಿಗಬೇಕೆಂಬ ಒಂದೇ ವಿಷಯ ಹಿಡಿದು ಓಡಾಡುವ ನಮ್ಮ ಕಡೆಯ ಸಣ್ಣ ಪಕ್ಷವೊಂದಕ್ಕೆ ಫಲಕದ ಒಕ್ಕಣೆ ಬರೆದುಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ. ನರೇಗಾದಲ್ಲಿ, ಅಂದರೆ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಲ್ಲಿ, ಫಾರಂ 6 ತುಂಬಿ ಪಂಚಾಯಿತಿಗೆ ಕೆಲಸ ಕೇಳುತ್ತಾರಲ್ಲ, ಅದಕ್ಕೆ ಕಚೇರಿಯವರು ‘ಕೆಲಸದ ಬೇಡಿಕೆ’ ಅನ್ನುತ್ತಾರೆ. ಪಕ್ಷದ ಹುಡುಗರು ಒಪ್ಪುತ್ತಿಲ್ಲ, “ನಾವೇನು ಬೇಡಾಕ ಹೊಂಟೀವೇನು?” ಅಂತಾರೆ. ಬೇರೆ ಪದ ಇದೆಯೇ? ಮೇಲಿನ ಸಾಲಿಗೆ ‘ಖಾತ್ರಿ’ ಇರಲೋ ‘ಖಾತರಿ’ಯೋ, ಅದನ್ನೂ ಹೇಳಿ.

ಮೈಸೂರಿನಿಂದ:
ಹುಡುಗರು ಸರಿಯಾಗಿದ್ದಾರೆ. ‘ಬೇಡು’ ಧಾತುವಿಗೆ ಭಿಕ್ಷೆಯ ವಾಸನೆ ಇದೆ, ‘ಇಕೆ’ ಹಚ್ಚಿದರೆ ಹೋಗುವುದಿಲ್ಲ. ‘ಹಕ್ಕೊತ್ತಾಯ’ ಬರೆಯಿರಿ. ಖಾತ್ರಿ, ಖಾತರಿ ಎರಡೂ ಬೇಡ, ಅರಬ್ಬಿ ಮೂಲದವು. ‘ದುಡಿಮೆಯ ಹೊಣೆ’ ಅಂದರೆ ಅಚ್ಚಗನ್ನಡ, ಅರ್ಥವೂ ಪೂರ್ತಿ.

ಧಾರವಾಡದಿಂದ:
ಮೇಷ್ಟ್ರೇ, ‘ಹಕ್ಕು’ ಎಲ್ಲಿಂದ ಬಂತು? ಅದೂ ಅರಬ್ಬಿಯೇ. ಖಾತ್ರಿಯನ್ನು ಹೊಸ್ತಿಲಾಚೆ ನಿಲ್ಲಿಸಿ ಹಕ್ಕಿಗೆ ಮಣೆ ಹಾಕುವುದು ಯಾವ ನ್ಯಾಯ? ಇನ್ನು ‘ಬೇಡು’. ಬೇಕು, ಬೇಡು, ತಮಿಳಿನ ವೇಂಡು ಎಲ್ಲ ಒಂದೇ ಬಳಗ. ಬುಡದಲ್ಲಿರುವುದು ಬಯಕೆ, ಭಿಕ್ಷೆ ಆಮೇಲೆ ಅಂಟಿದ್ದು. ‘ಬೇಡಿಕೆ ಈಡೇರಿಸಿ’ ಎಂದು ಕೂಗುವ ಕಾರ್ಮಿಕ ಸಂಘದವರು ಯಾರ ಮುಂದೆಯೂ ಕೈಯೊಡ್ಡಿ ನಿಂತಿಲ್ಲ.

ಮೈಸೂರಿನಿಂದ:
ಹಕ್ಕು ಶತಮಾನಗಳಿಂದ ಬಾಳಿ ಕನ್ನಡದ್ದೇ ಆಗಿದೆ. ಒಂದು ಎರವಲು ಒಳಗಿದೆ ಎಂದು ಬಾಗಿಲು ತೆರೆದೇ ಇಡಬೇಕೇ?

ಧಾರವಾಡದಿಂದ:
ಖಾತ್ರಿಪಡಿಸು, ಖಾತ್ರಿಯಾಗು, ಖಾತ್ರಿಯಿಂದ. ಇನ್ನೆಷ್ಟು ಒಗ್ಗಬೇಕು? ನಿಮ್ಮ ಪಕ್ಕದ ಮೇಲುಕೋಟೆಯಲ್ಲಿ 2013ರಲ್ಲಿ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದದ್ದು ಸರ್ವೋದಯ ಕರ್ನಾಟಕ ಪಕ್ಷದಿಂದ. ‘ಸರ್ವೋದಯ’, ‘ಪಕ್ಷ’ ಎರಡೂ ಸಂಸ್ಕೃತ. ಅದರ ಬೆನ್ನಿಗಿದ್ದದ್ದು 1980ರಲ್ಲಿ ಹುಟ್ಟಿದ ರೈತ ಸಂಘ. ‘ರೈತ’ ಅನ್ನುವುದೇ ಅರಬ್ಬಿ ಮೂಲದ ‘ರಯತ್’. ಹಸಿರು ಶಾಲು ಹೊದ್ದವರಿಗೆ ‘ನೀವು ರೈತರಲ್ಲ, ಒಕ್ಕಲಿಗರು’ ಅಂತ ಹೇಳಿ ನೋಡಿ, ಜಾತಿ ಕೇಳಿದಂತಾಗುತ್ತದೆ.

ದೇವದುರ್ಗದಿಂದ:
ಇಬ್ಬರೂ ಧಾತು ಬಿಟ್ಟು ಫಾರಂ ನೋಡಿ. 2006ರ ಫೆಬ್ರವರಿಯಲ್ಲಿ ಯೋಜನೆ ಶುರುವಾದ ಮೊದಲ 200 ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಅವತ್ತಿನಿಂದ ಇಲ್ಲಿ ಹೆಣ್ಮಕ್ಕಳ ಬಾಯಲ್ಲಿ ಅದು ‘ಖಾತ್ರಿ ಕೆಲಸ’. ‘ದುಡಿಮೆಯ ಹೊಣೆ’ ಅಂದರೆ ಯಾರ ತಲೆ ಮೇಲಿನ ಹೊಣೆ ಅಂತ ಕೇಳುತ್ತಾರೆ.

ಹಕ್ಕೊತ್ತಾಯವಂತೂ ಅಪಾಯ. 2005ರ ಕಾಯ್ದೆ ಪ್ರಕಾರ ಕೆಲಸ ಕೇಳಿದ 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ. ಆ 15 ದಿನಕ್ಕೆ ಇರುವ ಸಾಕ್ಷಿ ದಿನಾಂಕ ಹಾಕಿದ ರಸೀದಿ ಒಂದೇ. ಹಕ್ಕೊತ್ತಾಯ ಅಂತ ಬರೆದರೆ ಜನ ಘೋಷಣೆ ಕೂಗುತ್ತ ಮನವಿ ಪತ್ರ ತರುತ್ತಾರೆ. ಪಂಚಾಯಿತಿಯವರು ನಗುನಗುತ್ತ ತೆಗೆದುಕೊಂಡು, ಫೋಟೊ ತೆಗೆಸಿಕೊಂಡು, ಫೈಲಿಗೆ ಸೇರಿಸುತ್ತಾರೆ. ರಸೀದಿಯೂ ಇಲ್ಲ, ಭತ್ಯೆ ಕೇಳಲು ಆಧಾರವೂ ಇಲ್ಲ. ಇದು ನಮ್ಮ ಹೋಬಳಿಯಲ್ಲಿ ನಡೆದದ್ದು. ಆ ಬೇಸಿಗೆ ಪೂರ್ತಿ ಜನ ಬೆಂಗಳೂರಿಗೆ ಗುಳೆ ಹೋದರು. ಕಚೇರಿಯಲ್ಲಿ ಯಾವ ಪದ ಓಡುತ್ತದೋ ಫಲಕದ ಮೇಲೂ ಅದೇ ಇರಲಿ.

ಲಿಂಗಸುಗೂರಿನಿಂದ:
ಪೇಂಟರಿಗೆ ಕೊಟ್ಟದ್ದು ಹೀಗೆ: “ಖಾತ್ರಿ ಕೆಲಸ ಬೇಕೇ? ಫಾರಂ 6ರಲ್ಲಿ ಬೇಡಿಕೆ ಕೊಡಿ. ದಿನಾಂಕ ಹಾಕಿದ ರಸೀದಿ ಪಡೆಯದೆ ಕಚೇರಿ ಬಿಡಬೇಡಿ.” ಬೇಕು–ಬೇಡು ಒಂದೇ ಬಳಗ ಅಂದಮೇಲೆ ಹುಡುಗರೂ ಒಪ್ಪಿದರು. ಎಲ್ಲರಿಗೂ ಶರಣು.

ಮೈಸೂರಿನಿಂದ:
‘ರಸೀದಿ’ ಪಾರಸಿ. ‘ಪಡೆದ ಚೀಟಿ’ ಅನ್ನಬಹುದಿತ್ತು. ನನ್ನ ವಿರೋಧ ದಾಖಲಾಗಿರಲಿ.