ಪದಚರ್ಚೆ: ‘ಹರ್ಪಿಸ್’ಗೆ ‘ಸರ್ಪಸುತ್ತು’ ಸಲ್ಲುತ್ತದೆಯೆ? ‘ಬರು’, ‘ಹತ್ತು’, ‘ಏಳು’ಗಳಲ್ಲಿ ಯಾವುದು ಸರಿ?

ಮಾನ್ಯರೆ,

ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಹಂಚಲೆಂದು ಲೈಂಗಿಕ ಸೋಂಕುಗಳನ್ನು ಕುರಿತ ಕರಪತ್ರವೊಂದನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಕೈಸೇರಿದ ಕರಡಿನಲ್ಲಿ ಜನನಾಂಗದ ಹರ್ಪಿಸ್ ಅನ್ನು ‘ಜನನಾಂಗದ ಸರ್ಪಸುತ್ತು’ ಎಂದು ಬರೆಯಲಾಗಿತ್ತು. ಜಗಳೂರು ಕಡೆಯ ಆಶಾ ಕಾರ್ಯಕರ್ತೆಯೊಬ್ಬರಿಗೆ ಅದನ್ನು ಓದಿ ಹೇಳಿದಾಗ ಅವರು ನಡುವೆಯೇ ತಡೆದು, “ಹೋದ ವರ್ಷ ನಮ್ಮತ್ತೀಗೆ ಸರ್ಪಸುತ್ತು ಆಗಿ ಕೆಮ್ಮಣ್ಣು ಹಚ್ಚಿಸಿದ್ವಲ್ರೀ ಸರ್, ಅದು ಗಂಡ ಹೆಂಡ್ತಿ ಕೂಡೋದ್ರಿಂದ ಬರ್ತೈತೇನ್ರೀ?” ಎಂದು ಕೇಳಿದರು. ಒಂದು ಪದ ತಪ್ಪಿದ್ದರಿಂದ ಎಪ್ಪತ್ತು ದಾಟಿದ ಅತ್ತೆಯ ಮೇಲೆ ಇಲ್ಲದ ಅನುಮಾನ ಬೀಳುವುದರಲ್ಲಿತ್ತು.

ನಮ್ಮ ಕಡೆ ಸರ್ಪಸುತ್ತು ಎಂದರೆ ಸೊಂಟ, ಪಕ್ಕೆ ಅಥವಾ ಬೆನ್ನಿನ ಮೇಲೆ ಪಟ್ಟಿಯಂತೆ ಸುತ್ತಿಕೊಂಡು ಬರುವ ಉರಿಗುಳ್ಳೆ. ಚಿಕ್ಕಂದಿನಲ್ಲಿ ‘ಅಮ್ಮ’ (ಚಿಕನ್‌ಪಾಕ್ಸ್) ಎದ್ದು ಹೋದ ಮೇಲೂ ಅದರ ವೈರಸ್ ನರಗಳಲ್ಲಿ ಅಡಗಿದ್ದು, ವಯಸ್ಸಾಗಿ ಮೈಯ ಕಾವಲು ಸಡಿಲಿದಾಗ ಒಂದು ನರದ ಹಾದಿ ಹಿಡಿದು ಹೊರಬರುವುದರಿಂದ ಗುಳ್ಳೆಗಳು ಪಟ್ಟಿಯಾಗಿ ಕಾಣುತ್ತವೆ. ಹಾವಿನ ತಲೆಗೂ ಬಾಲಕ್ಕೂ ಕೂಡಿದರೆ ಜೀವಕ್ಕೆ ಅಪಾಯವೆಂಬ ಹಳೆಯ ಹೆದರಿಕೆಯೊಂದಿದೆಯಾದರೂ ಅದು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಲ್ಲಿ ನಿಲ್ಲುವುದರಿಂದ ಕೂಡುವ ಪ್ರಸಂಗವೇ ಅಪರೂಪ. ಸಂಗಾತಿಗಳ ನಡುವೆ ಹರಡುವ ಹರ್ಪಿಸ್ ಸಿಂಪ್ಲೆಕ್ಸ್ ಅದೇ ಕುಲದ ಬೇರೆ ವೈರಸ್. ಅದರಲ್ಲಿ ಎರಡು ಬಗೆ: ಒಂದನೆಯದು ಹೆಚ್ಚಾಗಿ ತುಟಿಯ ಸುತ್ತ, ಎರಡನೆಯದು ಹೆಚ್ಚಾಗಿ ಜನನಾಂಗದಲ್ಲಿ, ಆದರೆ ತುಟಿಯದು ಬಾಯಿಯ ಮೂಲಕ ಜನನಾಂಗಕ್ಕೂ ದಾಟಬಲ್ಲದು.

ಪದಮೂಲವನ್ನು ನೋಡಿದರೆ ಕರಡು ಬರೆದವರನ್ನು ಪೂರ್ತಿ ದೂರಲಾಗದು. ‘ಹರ್ಪಿಸ್’ ಎಂಬುದು ತೆವಳು ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ್ದು, ಸಂಸ್ಕೃತದ ‘ಸೃಪ್’ ಧಾತುವಿಗೆ ಅದು ದಾಯಾದಿ. ಅದೇ ‘ಸೃಪ್’ನಿಂದ ನಮ್ಮ ‘ಸರ್ಪ’ವೂ ಆಯುರ್ವೇದದ ‘ವಿಸರ್ಪ’ವೂ ಬಂದಿವೆ. ಆದರೂ ಧಾತು ಒಂದೇ ಎಂದ ಮಾತ್ರಕ್ಕೆ ರೋಗ ಒಂದಾಗುವುದಿಲ್ಲವಾದ್ದರಿಂದ, ‘ಸರ್ಪಸುತ್ತು’ ಎಂಬುದನ್ನು ಪಕ್ಕೆಯ ಗುಳ್ಳೆಗೇ ಬಿಟ್ಟು ಇದನ್ನು ‘ಹರ್ಪಿಸ್’ ಎಂದೇ ಉಳಿಸಿಕೊಳ್ಳಬೇಕೆಂಬುದು ನನ್ನ ನಿಲುವು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಕರಡಿನ ಇನ್ನೊಂದು ವಾಕ್ಯ: ‘ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಹರ್ಪಿಸ್ ಬರುತ್ತದೆ.’ ಇಲ್ಲಿ ‘ಬರುತ್ತದೆ’ ಎಂಬ ಒಂದೇ ಕ್ರಿಯಾಪದ ಎರಡು ಬೇರೆ ಘಟನೆಗಳನ್ನು ನುಂಗಿಹಾಕಿದೆ. ವೈರಸ್ ಒಬ್ಬರ ಚರ್ಮದಿಂದ ಇನ್ನೊಬ್ಬರ ಚರ್ಮಕ್ಕೆ ದಾಟುವುದು ಒಂದು. ಆಗಲೇ ಒಳಗಿರುವ ವೈರಸ್ ಮತ್ತೆ ಗುಳ್ಳೆಯಾಗಿ ಕಾಣಿಸುವುದು ಇನ್ನೊಂದು. ನಮ್ಮ ಆಡುಮಾತಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ: ಕಜ್ಜಿ ಒಬ್ಬರಿಂದ ಒಬ್ಬರಿಗೆ ‘ಹತ್ತುತ್ತದೆ’, ಗುಳ್ಳೆ ಮೈಮೇಲೆ ‘ಏಳುತ್ತದೆ’. ಹರ್ಪಿಸ್ ಹತ್ತುವುದಕ್ಕೆ ಮೈ ಸೊರಗಿರಬೇಕೆಂದೇನೂ ಇಲ್ಲ, ಗಟ್ಟಿಮುಟ್ಟಾದವರಿಗೂ ಹತ್ತುತ್ತದೆ. ಜಗತ್ತಿನಾದ್ಯಂತ 15ರಿಂದ 49 ವಯಸ್ಸಿನವರ ಪೈಕಿ ಸುಮಾರು 52 ಕೋಟಿ ಜನರಲ್ಲಿ ಎರಡನೆಯ ಬಗೆಯ ವೈರಸ್ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅಷ್ಟೂ ಜನ ನಿಶ್ಶಕ್ತರಾಗಿರಲಾರರು. ಒಮ್ಮೆ ಹತ್ತಿದ ವೈರಸ್ ಬೆನ್ನುಹುರಿಯ ಬುಡದ ನರಗಂಟುಗಳಲ್ಲಿ ಸೇರಿಕೊಂಡ ಮೇಲೆ ಅದನ್ನು ಬೇರುಸಹಿತ ಕೀಳುವುದು ಮೈಯ ರಕ್ಷಣೆಗೆ ಸಾಧ್ಯವಾಗುವುದಿಲ್ಲವಾದರೂ, ಅದು ಏಳದಂತೆ ಹಿಡಿದಿಡುವುದೂ ಎದ್ದಾಗ ಬೇಗ ಅಡಗಿಸುವುದೂ ಆ ರಕ್ಷಣೆಯೇ. ಆದ್ದರಿಂದಲೇ ಮೊದಲ ಸಲದ ಉರಿ, ನೋವು, ಜ್ವರ ಜೋರಾಗಿದ್ದು ಮುಂದಿನ ಸಲಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತವೆ; ಎಚ್‌ಐವಿಯಿಂದ ಕಾವಲು ಕುಸಿದವರಲ್ಲಿ ಗುಳ್ಳೆಗಳು ಪದೇ ಪದೇ ಏಳುತ್ತವೆ, ಬಹುಕಾಲ ಮಾಯುವುದಿಲ್ಲ. ಹೀಗಾಗಿ ಆ ವಾಕ್ಯವನ್ನು ‘ಹರ್ಪಿಸ್ ಯಾರಿಗಾದರೂ ಹತ್ತಬಹುದು, ಮೈಯ ತಡೆಯುವ ಶಕ್ತಿ ಕುಗ್ಗಿದವರಲ್ಲಿ ಅದು ಮತ್ತೆ ಮತ್ತೆ ಏಳುತ್ತದೆ’ ಎಂದು ತಿದ್ದಿದ್ದೇನೆ. ಇದರಿಂದ ಇನ್ನೊಂದು ಉಪಕಾರವೂ ಇದೆ. ಎಂದೋ ಹತ್ತಿದ್ದು ವರ್ಷಗಳ ಬಳಿಕ ಮೊದಲ ಬಾರಿ ಎದ್ದು ಕಾಣಬಹುದಾದ್ದರಿಂದ, ಇಂದು ಗುಳ್ಳೆ ಎದ್ದಿತೆಂದು ನಿನ್ನೆ ಮೊನ್ನೆ ಯಾರೋ ದಾರಿ ತಪ್ಪಿದರೆಂದು ಮನೆಯಲ್ಲಿ ಜಗಳ ತೆಗೆಯುವುದಕ್ಕೆ ಆಧಾರವಿಲ್ಲ. ‘ಬಂದಿದೆ’ ಎಂದು ಬರೆದರೆ ಈ ವ್ಯತ್ಯಾಸ ಓದುಗರಿಗೆ ತಿಳಿಯುವುದೇ ಇಲ್ಲ.

‘ತಡೆಯುವ ಶಕ್ತಿ’ ಎಂದು ಬಿಡಿಸಿ ಬರೆದದ್ದಕ್ಕೂ ಕಾರಣವಿದೆ. 1968ರಿಂದ ಸರ್ಕಾರ ಹಂಚುತ್ತ ಬಂದ ‘ನಿರೋಧ್’ನಿಂದಾಗಿ, ಇಂಥ ಕರಪತ್ರದಲ್ಲಿ ‘ನಿರೋಧಕ’ ಎಂದೊಡನೆ ಕೇಳುವವರ ಮನಸ್ಸು ಕಾಂಡೋಮಿನ ಕಡೆಗೆ ಹೋಗುತ್ತದೆ. ಕಾಂಡೋಮ್ ಹರಡುವಿಕೆಯನ್ನು ತಗ್ಗಿಸುತ್ತದೆಯೇ ಹೊರತು, ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟಬಹುದಾದ್ದರಿಂದ ಪೂರ್ತಿ ತಡೆಯುವುದಿಲ್ಲ.

ನನಗೆ ಇನ್ನೂ ಬಗೆಹರಿಯದ ಪದ ಒಂದಿದೆ. ಗುಳ್ಳೆ, ಹುಣ್ಣು ಏನೂ ಕಾಣದ ದಿನಗಳಲ್ಲಿಯೂ ವೈರಸ್ ಆಗಾಗ ಚರ್ಮದ ಮೇಲ್ಮೈಗೆ ಬಂದು ಹೊರಬೀಳುತ್ತಿರುತ್ತದೆ; ಎಷ್ಟೋ ಮಂದಿಗೆ ಸೋಂಕು ತಗಲುವುದು ಹೀಗೆಯೇ. ಈ ಹೊರಬೀಳುವಿಕೆಗೆ ಕರಡಿನಲ್ಲಿದ್ದ ‘ವಿಸರ್ಜನೆ’ ಗಣಪತಿಯನ್ನೋ ಮಲಮೂತ್ರವನ್ನೋ ನೆನಪಿಸುತ್ತದೆ. ‘ಸ್ರಾವ’ ಎಂದರೆ ಹೆಂಗಸರು ಬಿಳಿಸೆರಗು ಎಂದುಕೊಳ್ಳುತ್ತಾರೆ. ‘ಉದುರು’ ಎಂದರೆ ಕೂದಲು, ಎಲೆ. ‘ಗುಳ್ಳೆ ಇಲ್ಲದಾಗಲೂ ಚರ್ಮ ವೈರಸ್ ಸೂಸುತ್ತಿರಬಹುದು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಆದರೆ ಕಣ್ಣಿಗೆ ಬೀಳದ ವಸ್ತುವಿಗೆ ‘ಸೂಸು’ ಹೊಂದುತ್ತದೆಯೆ? ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯ ಮಾತಿನಲ್ಲಿ ಇದಕ್ಕಿಂತ ಹಗುರವಾದ ಕ್ರಿಯಾಪದವಿದ್ದರೆ ಅದನ್ನು ಬಳಸುವ ಒಂದು ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.