ಟರ್ಬೊ ಸಿ ಪ್ರೋಗ್ರಾಂನಲ್ಲಿ ಜಗಳೂರಿನ ಲೆಕ್ಕ ಚನ್ನಗಿರಿಗೆ ಹೋಗ್ತಿದೆ, ಯಾಕೆ?

ಮಂಡಿಪೇಟೆ ಅಳಿಯ:
ದಾವಣಗೆರೆಯಲ್ಲಿ ನಮ್ಮ ಮಾವನವರದು ಮೆಕ್ಕೆಜೋಳದ ದಲಾಲಿ ಅಂಗಡಿ. ಪಟ್ಟಿ ಬರೆಯೋಕೆ ಇವತ್ತಿಗೂ ಡಾಸ್‌ಗೆ (ವಿಂಡೋಸ್‌ಗಿಂತ ಹಳೇ ಆಪರೇಟಿಂಗ್ ಸಿಸ್ಟಂ) ಟರ್ಬೊ ಸಿ ಕಂಪೈಲರ್‌ನಲ್ಲಿ ಮಾಡಿದ ಹಳೇ ಪ್ರೋಗ್ರಾಂ. ಬದಲಾಯಿಸೋಣ ಅಂದ್ರೆ "ಅದು ಊಟ ಕೇಳುತ್ತಾ?" ಅಂತಾರೆ.

ತೂಕದ ಫೈಲುಗಳಿಗೆ ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ "ಮೆಕ್ಕೆಜೋಳ-ಜಗಳೂರು", "ಮೆಕ್ಕೆಜೋಳ-ಚನ್ನಗಿರಿ" ಅಂತ ಉದ್ದುದ್ದ ಹೆಸರಿಡುತ್ತಾರೆ. ಪ್ರೋಗ್ರಾಂ ಒಳಗೆ ಮಾತ್ರ ಹೆಸರಿನ ಮೊದಲ 6 ಅಕ್ಷರ, ಮುಂದೆ ~1 ಅಥವಾ ~2. ~1 ಜಗಳೂರು, ~2 ಚನ್ನಗಿರಿ. ಎಕ್ಸ್‌ಪಿ ಮಷಿನ್‌ನಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಹೋದ ವಾರ ಹೊಸ ಕಂಪ್ಯೂಟರ್ ತಂದು, ಹಳೇ ಡಾಸ್ ಪ್ರೋಗ್ರಾಂ ಓಡಿಸೋ ಡಾಸ್‌ಬಾಕ್ಸ್ ಹಾಕಿದೆ. ಜಗಳೂರಿನ ರೈತರೊಬ್ಬರ 62 ಚೀಲ ಚನ್ನಗಿರಿ ಪಟ್ಟಿಯಲ್ಲಿ ಬಂತು. ಅವರು ಅಂಗಡಿ ಮುಂದೆ ನಿಂತು ಕೇಳಿದ್ದನ್ನು ಇಲ್ಲಿ ಬರೆಯೋಕಾಗಲ್ಲ. ಫೈಲ್ ಒಂದೂ ಕೆಟ್ಟಿಲ್ಲ. ಏನಾಯ್ತು?

ಹಳೇ ಟರ್ಬೊ:
ಕೆಟ್ಟಿರೋದು ನಂಬರು. ಡಾಸ್‌ಗೆ ಹೆಸರು ಅಂದ್ರೆ 8 ಅಕ್ಷರ, ಚುಕ್ಕಿ, 3 ಅಕ್ಷರ, ಅಷ್ಟೇ. ಉದ್ದ ಹೆಸರಿಗೆ ವಿಂಡೋಸ್ ಒಂದು ಗಿಡ್ಡ ಹೆಸರನ್ನೂ ಇಟ್ಟುಕೊಳ್ಳುತ್ತೆ. ಯಾವ ಫೈಲ್ ಮೊದಲು ಹುಟ್ಟಿತೋ ಅದಕ್ಕೆ ~1. ನಿಮ್ಮಲ್ಲಿ ಜಗಳೂರು ಮೊದಲು ಹುಟ್ಟಿರಬೇಕು.

ಡಾಸ್‌ಬಾಕ್ಸ್ ಆ ಹೆಸರನ್ನು ನೋಡೋದೇ ಇಲ್ಲ. ಫೋಲ್ಡರ್ ಓದುವಾಗ ಸಿಕ್ಕ ಕ್ರಮದಲ್ಲಿ ತಾನೇ ನಂಬರ್ ಕೊಡುತ್ತೆ. ಇಂಗ್ಲಿಷಲ್ಲಿ ಚನ್ನಗಿರಿಯ ಸಿ ಮೊದಲು, ಜಗಳೂರಿನ ಜೆ ಆಮೇಲೆ. ಅದಲುಬದಲು ಆಯ್ತಲ್ವಾ? ನಾಳೆ ಭರಮಸಾಗರದ ಫೈಲ್ ಸೇರಿಸಿ ನೋಡಿ, ಅದೇ ~1 ಆಗಿ ಕೂರುತ್ತೆ. ಕೋಡ್ ಒಳಗೆ ~1 ಅಂತ ಬರೆದವರಿಗೆ ನಮಸ್ಕಾರ.

ದುರ್ಗದವನು:
ಡಾಸ್‌ಬಾಕ್ಸ್-ಎಕ್ಸ್ ಹಾಕಿ ಅಣ್ಣ, ಅದು ಡಾಸ್‌ಬಾಕ್ಸ್‌ನದೇ ಇನ್ನೊಂದು ರೂಪ, ಅದರಲ್ಲಿ ಉದ್ದ ಹೆಸರು ನಡೆಯುತ್ತೆ.

ಹಳೇ ಟರ್ಬೊ:
ಅದರಲ್ಲಿ ನಡೆಯುತ್ತೆ, ಟರ್ಬೊ ಸಿಯಲ್ಲಿ ನಡೆಯಲ್ಲ ತಮ್ಮಾ. ಉದ್ದ ಹೆಸರಿಗೆ ವಿಂಡೋಸ್ 95 ಜೊತೆ ಬೇರೆ ಕರೆಗಳು (ಪ್ರೋಗ್ರಾಂ ಸಿಸ್ಟಂಗೆ ಕೆಲಸ ಹೇಳೋ ಸಂಕೇತಗಳು) ಬಂದವು, 71 ಹೆಕ್ಸ್‌ನಿಂದ ಶುರುವಾಗೋವು. ಟರ್ಬೊ ಸಿ ಅದಕ್ಕಿಂತ ಹಳೇದು. ಅದರಲ್ಲಿ ಫೈಲ್ ಹುಡುಕೋ ಫೈಂಡ್‌ಫಸ್ಟ್ ಹೆಸರು ತುಂಬಿಸೋ ಜಾಗ ಬರೀ 13 ಬೈಟ್: 8, ಚುಕ್ಕಿ, 3, ಕೊನೆಗೊಂದು ಸೊನ್ನೆ. ಆ ಕರೆಗಳನ್ನು ಕೈಯಾರೆ ಬರೆದು, ಬಂದ ಹೆಸರನ್ನು ಆ 13ರಲ್ಲೇ ತುರುಕಿದರೆ ಪಕ್ಕದ ಮೆಮೊರಿ ಹಾಳು. ಡಿಜೆಜಿಪಿಪಿ ಅನ್ನೋ ಇನ್ನೊಂದು ಸಿ ಕಂಪೈಲರ್‌ಗೆ ಉದ್ದ ಹೆಸರು ಗೊತ್ತು, ಆದರೆ ಪೂರ್ತಿ ಪ್ರೋಗ್ರಾಂ ಹೊಸದಾಗಿ ಕಂಪೈಲ್ ಮಾಡಬೇಕು. ಸುಗ್ಗಿ ಟೈಮಲ್ಲಿ ಬೇಡ.

ಅಳಿಯಂದಿರೇ, ಸೋರ್ಸ್ (ಪ್ರೋಗ್ರಾಂನ ಮೂಲ ಕೋಡ್) ಇದ್ದರೆ ~1 ಇರೋ ಕಡೆ "ಜಗಳೂರು", ~2 ಇರೋ ಕಡೆ "ಚನ್ನಗಿರಿ"ಗೆ ಇಂಗ್ಲಿಷಲ್ಲಿ 8 ಅಕ್ಷರದೊಳಗಿನ ಹೆಸರು ಹಾಕಿ. ವಿಂಡೋಸ್ ಕಡೆ ಒಂದು ಬ್ಯಾಚ್ ಫೈಲ್ (ಸಾಲಾಗಿ ಓಡೋ ಆಜ್ಞೆಗಳ ಫೈಲ್) ಮಾಡಿ. ಅದು ಉದ್ದ ಹೆಸರಿನ ಫೈಲನ್ನು ಗಿಡ್ಡ ಹೆಸರಲ್ಲಿ ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಆಮೇಲೆ ಡಾಸ್‌ಬಾಕ್ಸ್ ತೆರೆಯಲಿ. ಹುಡುಗರು ಎಷ್ಟುದ್ದ ಬೇಕಾದರೂ ಬರೆಯಲಿ.

ಮಂಡಿಪೇಟೆ ಅಳಿಯ:
ಸೋರ್ಸ್ ಫ್ಲಾಪಿಯಲ್ಲಿತ್ತು. ಪುಣ್ಯಕ್ಕೆ ಹೋದ ವರ್ಷ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ನೀವು ಹೇಳಿದ ಹಾಗೇ ಮಾಡಿದೆ, 62 ಚೀಲ ಜಗಳೂರಿಗೆ ವಾಪಸ್ ಬಂತು. ಆದ್ರೆ ಪ್ರೋಗ್ರಾಂ ಓಡ್ತಿರುವಾಗಲೇ ಹೊಸ ಊರಿನ ಫೈಲ್ ಕಾಪಿ ಮಾಡಿದರೆ ಕಾಣಿಸ್ತಿಲ್ಲ.

ದುರ್ಗದವನು:
ಇದು ನನಗೆ ಗೊತ್ತು! ಡಾಸ್‌ಬಾಕ್ಸ್ ಫೋಲ್ಡರ್ ಪಟ್ಟಿಯನ್ನು ನೆನಪಲ್ಲಿಟ್ಟುಕೊಂಡಿರುತ್ತೆ. ಕಂಟ್ರೋಲ್ ಜೊತೆ ಎಫ್4 ಒತ್ತಿ.

ಮಂಡಿಪೇಟೆ ಅಳಿಯ:
ಬಂತು. ಇಬ್ಬರಿಗೂ ನನ್ನ ಲೆಕ್ಕದಲ್ಲಿ ಮಂಡಕ್ಕಿ-ಮಿರ್ಚಿ. ಮಾವ ಆಗಲೇ ಕೇಳ್ತಿದ್ದಾರೆ, ಹಳೇ ಎಕ್ಸ್‌ಪಿ ಮಷಿನ್ ಮಾರಿಬಿಟ್ಟೆಯಾ ಅಂತ. ಅಟ್ಟದ ಮೇಲಿದೆ.